ಒಮ್ಮೆ ತಂಪು, ಒಮ್ಮೆ ಬಿಸಿ: ಹಳೇ ಪಿಕಪ್‌ನ ಎಸಿ ಕಳ್ಳಾಟ ಹಿಡಿಯುವ ಬಗೆ

ಹಳೇ ಪಿಕಪ್‌ನ ಎಸಿ ಪೂರ್ತಿ ಕೆಟ್ಟು ನಿಂತರೆ ಅದೇನು ದೊಡ್ಡ ತಲೆನೋವಲ್ಲ. ಕೆಟ್ಟದ್ದು ಕೆಟ್ಟಂತೆಯೇ ಇರುತ್ತದೆ. ಒಂದು ಕಡೆಯಿಂದ ನೋಡುತ್ತಾ ಹೋದರೆ ಸಂಜೆಯೊಳಗೆ ಎಲ್ಲೋ ಸಿಕ್ಕಿಬೀಳುತ್ತದೆ. ನಿಜಕ್ಕೂ ಗೋಳು ಹೊಯ್ದುಕೊಳ್ಳುವುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಎಸಿ. ಬೆಳಿಗ್ಗೆ ಹೊರಟಾಗ ಮೈ ನಡುಗುವಷ್ಟು ತಂಪು. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಹೊರಟರೆ ಬರೀ ಫ್ಯಾನಿನ ಗಾಳಿ. ಸಂಜೆ ಮೆಕ್ಯಾನಿಕ್ ಮುಂದೆ ತಂದು ನಿಲ್ಲಿಸಿದಿರೋ, ಏನೂ ಆಗೇ ಇಲ್ಲವೆಂಬಂತೆ ಮತ್ತೆ ತಣ್ಣಗೆ ಊದುತ್ತಿರುತ್ತದೆ.

ಆಗ ಬರುವ ಉತ್ತರ ಒಂದೇ: "ಗ್ಯಾಸ್ ಸ್ವಲ್ಪ ಕಮ್ಮಿ ಇರಬೇಕು, ಹಾಕಿಬಿಡೋಣ." ನಾನೂ ಎರಡು ಬೇಸಿಗೆ ಹಾಗೇ ಗ್ಯಾಸ್ ಹಾಕಿಸಿದೆ. ಹಾಕಿಸಿದ ದಿನ ಸರಿ, ನಾಲ್ಕನೇ ದಿನ ಮತ್ತದೇ ಕಥೆ. ಕೊನೆಗೆ ನಾನೇ ಕೂತು ಹುಡುಕಿದಾಗ ರೋಗ ಗ್ಯಾಸಿನಲ್ಲಿ ಇರಲೇ ಇಲ್ಲ. ಅಷ್ಟೇ ಅಲ್ಲ, ಮೇಲೆ ಮೇಲೆ ತುಂಬಿಸಿದ ಗ್ಯಾಸಿನಿಂದ ಒಂದಿದ್ದ ರೋಗ ಎರಡಾಗಿತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಎಸಿ ತಣ್ಣಗೆ ಕೆಲಸ ಮಾಡುತ್ತಿರುವಾಗ ಮಾಡುವ ಯಾವ ಪರೀಕ್ಷೆಯಿಂದಲೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಕೈಕೊಟ್ಟ ಆ ಹತ್ತು ನಿಮಿಷದಲ್ಲೇ ಅದನ್ನು ಹಿಡಿಯಬೇಕು. ಅಲ್ಲಿಯವರೆಗೆ ಗ್ಯಾಸ್ ಬೇಡ, ಪಾರ್ಟ್ ಬದಲಿಸುವುದೂ ಬೇಡ.

ಕೈಕೊಟ್ಟಾಗ ನೋಡಬೇಕಾದ್ದು

ಗಾಳಿ ಬಿಸಿಯಾಯಿತು ಅನ್ನಿಸಿದ ತಕ್ಷಣ ಗಾಡಿಯನ್ನು ಪಕ್ಕಕ್ಕೆ ಹಾಕಿ. ಎಂಜಿನ್ ಆಗಲಿ ಎಸಿ ಬಟನ್ ಆಗಲಿ ಆಫ್ ಮಾಡಬೇಡಿ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗಿಬಿಡುತ್ತದೆ, ಸುಳಿವು ಅಳಿಸಿಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಮೂರು ಪ್ರಶ್ನೆ ಕೇಳಿಕೊಳ್ಳಿ.

ಕಿಂಡಿಯಿಂದ ಬರುವ ಗಾಳಿಯ ರಭಸ ಮೊದಲಿನಷ್ಟೇ ಇದೆಯೋ, ಕಡಿಮೆಯಾಗಿದೆಯೋ? ಬಾನೆಟ್ ಎತ್ತಿ ನೋಡಿದರೆ ಕಂಪ್ರೆಸರ್‌ನ (ಎಸಿ ಗ್ಯಾಸನ್ನು ಒತ್ತಿ ತಳ್ಳುವ ಪಂಪಿನ) ಮುಂದಿನ ಪ್ಲೇಟ್ ತಿರುಗುತ್ತಿದೆಯೋ, ನಿಂತಿದೆಯೋ? ನಿಂತಿದ್ದರೆ, ಆ ಪ್ಲೇಟನ್ನು ಪುಲ್ಲಿಗೆ ಅಂಟಿಸುವ ಕಂಪ್ರೆಸರ್ ಕ್ಲಚ್‌ನ ವೈರಿಗೆ ಕರೆಂಟ್ ಬರುತ್ತಿದೆಯೋ ಇಲ್ಲವೋ?

ಎರಡನೆಯದರಲ್ಲಿ ಹೊಸಬರು ಮೋಸ ಹೋಗುತ್ತಾರೆ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಬೆಲ್ಟಿನ ಜೊತೆ ಪುಲ್ಲಿ ತಿರುಗುತ್ತಲೇ ಇರುತ್ತದೆ. ಅದನ್ನು ನೋಡಿ ಕಂಪ್ರೆಸರ್ ಓಡುತ್ತಿದೆ ಅಂದುಕೊಳ್ಳಬಾರದು. ಪುಲ್ಲಿಯ ಮುಂದೆ, ನಟ್ಟ ನಡುವೆ ನಟ್ ಅಥವಾ ಬೋಲ್ಟ್ ಇರುವ ಒಂದು ಉಕ್ಕಿನ ತಟ್ಟೆ ಇದೆ. ಅದು ತಿರುಗಿದರೆ ಮಾತ್ರ ಕಂಪ್ರೆಸರ್ ಕೆಲಸ ಮಾಡುತ್ತಿದೆ ಎಂದರ್ಥ. ಎಸಿ ಹಾಕಿದಾಗ "ಟಕ್" ಎಂದು ಸದ್ದು ಬರುವುದು ಆ ತಟ್ಟೆ ಪುಲ್ಲಿಗೆ ಹೋಗಿ ಅಂಟಿಕೊಂಡಾಗ.

ಓಡುವ ಎಂಜಿನ್ ಮುಂದೆ ಬಗ್ಗುವಾಗ ಸಡಿಲ ತೋಳು, ಕೊರಳಿನ ದಾರ, ಟವೆಲ್ ಯಾವುದೂ ಬೇಡ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗಬಹುದು. ಗ್ಯಾಸ್ ಲೈನಿಗೆ ಗೇಜ್ ಹಚ್ಚುವ ಕೆಲಸವಿದ್ದರೆ ಕಣ್ಣಿಗೆ ಕನ್ನಡಕ ಇರಲೇಬೇಕು. ಇಂಥ ಗಾಡಿಗಳ ಎಸಿಯಲ್ಲಿರುವ ಆರ್-134ಎ ಎಂಬ ಗ್ಯಾಸ್ ಹೊರಗಿನ ಗಾಳಿಯ ಒತ್ತಡದಲ್ಲಿ ಕುದಿಯುವುದೇ ಸೊನ್ನೆಗಿಂತ 26 ಡಿಗ್ರಿ ಕೆಳಗೆ. ದ್ರವ ಕಣ್ಣಿಗೆ ಸಿಡಿದರೆ ಕಣ್ಣೇ ಹೆಪ್ಪುಗಟ್ಟುತ್ತದೆ.

ಡ್ರೈವರ್ ಮುಂದೆ ಒಂದು ಪುಟ್ಟ ದೀಪ

ಸಾಲುಗಟ್ಟಿದ ವಾಹನಗಳ ನಡುವೆ ಸಿಕ್ಕಿಕೊಂಡಾಗಲೇ ಕೈಕೊಡುವ ಎಸಿಗೆ ಪ್ರತಿ ಸಲ ಇಳಿದು ಬಾನೆಟ್ ಎತ್ತಲು ಆಗುವುದಿಲ್ಲ. ಅದಕ್ಕೆ ನಾನು ಮಾಡಿದ ಉಪಾಯ ಇದು. 12 ವೋಲ್ಟಿನ 5 ವ್ಯಾಟ್ ಬಲ್ಬು, ಹೋಲ್ಡರ್, ಉದ್ದದ ಎರಡು ತೆಳು ವೈರ್, 1 ಆಂಪಿಯರ್ ಫ್ಯೂಸ್. ಒಂದು ವೈರನ್ನು ಫ್ಯೂಸ್ ಮೂಲಕ ಕ್ಲಚ್‌ಗೆ ಕರೆಂಟ್ ತರುವ ವೈರಿಗೆ ಸೇರಿಸಿ. ಕ್ಲಚ್‌ಗೆ ಎರಡು ವೈರ್ ಇದ್ದರೆ ಇನ್ನೊಂದನ್ನು ಎರಡನೇ ವೈರಿಗೆ; ಒಂದೇ ವೈರ್ ಇದ್ದರೆ ಕಂಪ್ರೆಸರ್‌ನ ಬೋಲ್ಟಿಗೇ. ಹತ್ತಿರ ಎಂದು ಗಾಡಿಯ ತಗಡಿನ ಮೈಗೆ ಅರ್ಥ್ ಕೊಡಬೇಡಿ: ಕಂಪ್ರೆಸರ್‌ನ ಅರ್ಥ್ ಹೋಗಿದ್ದರೂ ದೀಪ ಚೆನ್ನಾಗಿ ಉರಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ವೈರನ್ನು ಬೆಲ್ಟಿನಿಂದಲೂ ಸೈಲೆನ್ಸರ್ ಪೈಪಿನಿಂದಲೂ ದೂರಕ್ಕೆ ಕಟ್ಟಿ ಕ್ಯಾಬಿನ್ ಒಳಗೆ ತಂದು, ದೀಪವನ್ನು ಡ್ಯಾಶ್‌ಬೋರ್ಡ್ ಮೇಲೆ ಟೇಪು ಹಾಕಿ ಕೂರಿಸಿ.

ಎಲ್‌ಇಡಿ ಬೇಡ, ತಂತಿಯ ಬಲ್ಬೇ ಇರಲಿ. ಕ್ಲಚ್ ಕಾಯಿಲ್ ಆಫ್ ಆಗುವಾಗ ಉಲ್ಟಾ ದಿಕ್ಕಿನಲ್ಲಿ ಜೋರಾಗಿ ಒಂದು ಏಟು ಕೊಡುತ್ತದೆ. ಅದನ್ನು ತಡೆಯಲು ಇರುವ ಡಯೋಡ್ ಹಳೇ ಗಾಡಿಯಲ್ಲಿ ಸತ್ತಿದ್ದರೆ ಎಲ್‌ಇಡಿ ಒಂದೇ ದಿನದಲ್ಲಿ ಹೋಗುತ್ತದೆ.

ಈಗ ಗಾಡಿ ಓಡಿಸಿ. ದೀಪ ಉರಿಯುತ್ತಿದ್ದೂ ಗಾಳಿ ಬಿಸಿಯಾದರೆ ಒಂದು ದಾರಿ. ದೀಪ ಆರಿ ಗಾಳಿ ಬಿಸಿಯಾದರೆ ಇನ್ನೊಂದು ದಾರಿ. ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಕ್ಲಚ್ ಆಗಾಗ ಬಿಟ್ಟು ಹಿಡಿಯುವುದು ಸಹಜ. ಕ್ಯಾಬಿನ್ನಿನ ಗೋಡೆಯ ಬಳಿ, ಕೂಲಿಂಗ್ ಕಾಯಿಲಿನಿಂದ ಹೊರಬರುವ ದಪ್ಪ ಪೈಪಿನಲ್ಲಿ ದೊಡ್ಡ ಡಬ್ಬಿಯೊಂದು ಇದ್ದರೆ ನಿಮ್ಮದು ಆರಿಫೈಸ್ ಟ್ಯೂಬ್ (ಗ್ಯಾಸ್ ಹಾಯುವ ಸಣ್ಣ ತೂತಿನ ಕೊಳವೆ) ಇರುವ ವ್ಯವಸ್ಥೆ. ಡಬ್ಬಿಯ ಮೇಲಿರುವ ಪ್ರೆಷರ್ ಸ್ವಿಚ್ ಒತ್ತಡ ಸುಮಾರು 25 ಪಿಎಸ್‌ಐಗೆ (ಗೇಜಿನಲ್ಲಿ ಕಾಣುವ ಒತ್ತಡದ ಅಳತೆ) ಇಳಿದಾಗ ಕ್ಲಚ್ ಬಿಡಿಸಿ, 40-45ಕ್ಕೆ ಮತ್ತೆ ಹಿಡಿಸುತ್ತದೆ. ಅದರ ಬದಲು ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಪಕ್ಕದಲ್ಲಿ ತೇವ ಹೀರುವ ಸಣ್ಣ ಡ್ರೈಯರ್ ಬಾಟಲಿ ಇದ್ದರೆ ಅದು ಎಕ್ಸ್‌ಪ್ಯಾನ್ಷನ್ ವಾಲ್ವ್ ಜಾತಿ. ಅದರಲ್ಲಿ ಬಿಡಿಸಿ ಹಿಡಿಸುವ ಕೆಲಸ ಕೂಲಿಂಗ್ ಕಾಯಿಲಿಗೆ ತೂರಿಸಿದ ಥರ್ಮೋಸ್ಟಾಟಿನದು. ಹಾಗಾಗಿ ದೀಪ ಆಗಾಗ ಮಿಣುಕಿದರೆ ಗಾಬರಿ ಬೇಡ. ಗಾಳಿ ತಣ್ಣಗಿದೆಯೋ ಇಲ್ಲವೋ ಎನ್ನುವುದರ ಜೊತೆಗೇ ದೀಪವನ್ನು ಓದಬೇಕು.

ದೀಪ ಉರಿಯುತ್ತಿದೆ, ಪ್ಲೇಟ್ ನಿಂತಿದೆ

ಹಳೇ ಗಾಡಿಗಳಲ್ಲಿ ನಾನು ಕಂಡಮಟ್ಟಿಗೆ ಹೆಚ್ಚಾಗಿ ಸಿಗುವ, ಹೆಚ್ಚಾಗಿ ಗ್ಯಾಸಿನ ತಲೆಗೆ ಕಟ್ಟುವ ದೋಷ ಇದು. ನಮ್ಮ ಗಾಡಿಯದೂ ಇದೇ.

ದೀಪ ಕಟ್ಟಿದ ಮೂರನೇ ದಿನ. ಒಂದು ಗಂಟೆ ಓಡಿಸಿ, ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹೊರಟೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕಿಂಡಿಯಿಂದ ಬಿಸಿ ಗಾಳಿ. ದೀಪ ಮಾತ್ರ ನೆಟ್ಟಗೆ ಉರಿಯುತ್ತಿದೆ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಪುಲ್ಲಿ ಗಿರ್ರನೆ ತಿರುಗುತ್ತಿತ್ತು, ಪ್ಲೇಟ್ ಅಲ್ಲಾಡದೆ ನಿಂತಿತ್ತು. ಅದರ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿಯ ಒಂದು ಉಂಗುರ. ಪೊರಕೆಯ ಹಿಡಿ, ಒಂದೂವರೆ ಮೊಳದ ಒಣ ಕೋಲು, ಹಿಂದೆಯೇ ಇತ್ತು. ಬೆಲ್ಟಿನಿಂದ ದೂರ ನಿಂತು ಅದರ ತುದಿಯಿಂದ ಪ್ಲೇಟಿನ ನಡುವಿಗೆ ಮೆಲ್ಲಗೆ ಒತ್ತಿದೆ. "ಟಕ್!" ಎಂಜಿನ್ ಸದ್ದು ಒಂದು ಕ್ಷಣ ಕುಗ್ಗಿತು, ಪ್ಲೇಟ್ ತಿರುಗತೊಡಗಿತು, ಎರಡು ನಿಮಿಷದಲ್ಲಿ ಗಾಳಿ ತಂಪಾಯಿತು. ಎರಡು ಬೇಸಿಗೆಯ ಗೋಳು, ಒಂದು ಪೊರಕೆ ಕಡ್ಡಿಗೆ ಬಾಯಿ ಬಿಟ್ಟಿತ್ತು.

ಯಾಕೆ ಹೀಗಾಗುತ್ತದೆ ಎಂದರೆ, ಕ್ಲಚ್ ಅನ್ನುವುದು ಒಂದು ವಿದ್ಯುತ್ ಅಯಸ್ಕಾಂತ. ಪುಲ್ಲಿಯ ಹಿಂದೆ ತಾಮ್ರದ ಸುರುಳಿ ಇದೆ. ಅದಕ್ಕೆ ಕರೆಂಟ್ ಬಂದರೆ ಮುಂದಿನ ಪ್ಲೇಟನ್ನು ಎಳೆದುಕೊಳ್ಳುತ್ತದೆ. ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ 0.35ರಿಂದ 0.65 ಮಿಲಿಮೀಟರ್ ಒಳಗೆ ಇರಬೇಕು; ಸರಿಯಾದ ಅಳತೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ವರ್ಷಗಟ್ಟಲೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಎರಡೂ ಮುಖ ಸವೆದು ಸಂದು ಅಗಲವಾಗುತ್ತದೆ. ಅಯಸ್ಕಾಂತದ ಸೆಳೆತ ದೂರ ಹೆಚ್ಚಿದ ಹಾಗೆ ಬೇಗ ಬೇಗ ಕುಸಿಯುತ್ತದೆ.

ಹಾಗಾದರೆ ಬೆಳಿಗ್ಗೆ ಯಾಕೆ ಹಿಡಿಯುತ್ತಿತ್ತು? ಅಲ್ಲಿದೆ ತಾಮ್ರದ ಕೈವಾಡ. ಬಿಸಿಯಾದರೆ ತಾಮ್ರದ ರೆಸಿಸ್ಟೆನ್ಸ್ ಹೆಚ್ಚುತ್ತದೆ, ಡಿಗ್ರಿಗೆ ಹೆಚ್ಚುಕಡಿಮೆ ಶೇಕಡಾ 0.39ರಂತೆ. 25 ಡಿಗ್ರಿಯಲ್ಲಿ 3.6 ಓಮ್ ತೋರಿಸುವ ಸುರುಳಿ, ಬಾನೆಟ್ ಕೆಳಗೆ ಕಾದು 105 ಡಿಗ್ರಿಗೆ ಹೋದಾಗ ಸುಮಾರು 4.7 ಓಮ್ ಆಗುತ್ತದೆ. 13 ವೋಲ್ಟಿಗೆ ಲೆಕ್ಕ ಹಾಕಿ: ತಣ್ಣಗಿದ್ದಾಗ 3.6 ಆಂಪಿಯರ್, ಕಾದಾಗ 2.8ಕ್ಕಿಂತ ತುಸು ಕಡಿಮೆ. ಸೆಳೆತ ಕರೆಂಟಿನ ವರ್ಗದಷ್ಟು ಏರಿಳಿಯುವುದರಿಂದ ಕಾಲು ಭಾಗ ಕರೆಂಟ್ ಹೋದರೆ ಸೆಳೆತ ಅರ್ಧಕ್ಕೆ ಹತ್ತಿರ ಬರುತ್ತದೆ. ಇದರ ಜೊತೆ ತುಕ್ಕು ಹಿಡಿದ ಕಪ್ಲರಿನಲ್ಲಿ ಇನ್ನೆರಡು ವೋಲ್ಟ್ ಕಳೆದುಹೋದರೆ ಮುಗಿಯಿತು.

ಇನ್ನೊಂದು ವಿಚಾರವನ್ನು ಗಮನಿಸಿದವರು ಕಡಿಮೆ. ಒಮ್ಮೆ ಅಂಟಿಕೊಂಡ ಮೇಲೆ ಸಂದೇ ಇರುವುದಿಲ್ಲ, ಹಿಡಿದಿಟ್ಟುಕೊಳ್ಳಲು ಅಲ್ಪ ಸೆಳೆತ ಸಾಕು. ಆದ್ದರಿಂದ ತಣ್ಣಗಿದ್ದಾಗ ಹಿಡಿದ ಕ್ಲಚ್ ಎಷ್ಟೇ ಕಾದರೂ ಬಿಡದೆ ಓಡುತ್ತದೆ. ಥರ್ಮೋಸ್ಟಾಟೋ ಪ್ರೆಷರ್ ಸ್ವಿಚ್ಚೋ ಒಮ್ಮೆ ಬಿಡಿಸಿತು ಅನ್ನಿ, ಮತ್ತೆ ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. "ಹೆದ್ದಾರಿಯಲ್ಲಿ ಎರಡು ಗಂಟೆ ಚೆನ್ನಾಗಿತ್ತು, ಐದು ನಿಮಿಷ ನಿಲ್ಲಿಸಿ ಹೊರಟೆ, ಹೋಯ್ತು" ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಈ ಸಂದು.

ಅಳೆಯುವುದು ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ. ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜನ್ನು ಪ್ಲೇಟಿಗೂ ಪುಲ್ಲಿಗೂ ನಡುವೆ ಮೂರು ಕಡೆ ತೂರಿಸಿ ನೋಡಿ. ಒಂದೇ ಕಡೆ ನೋಡಿದರೆ ಪ್ಲೇಟ್ ಬಾಗಿರುವುದು ಗೊತ್ತಾಗುವುದಿಲ್ಲ. ನನ್ನದರಲ್ಲಿ 0.95, 0.9, 1.0 ಬಂತು. ಬಹಳಷ್ಟು ಕಂಪ್ರೆಸರ್‌ಗಳಲ್ಲಿ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ಎಳೆದರೆ ಶಾಫ್ಟಿನ ಮೇಲೆ ತೆಳುವಾದ ಶಿಮ್ ವಾಶರ್‌ಗಳು ಸಿಗುತ್ತವೆ. ನಾನು 0.5 ಮಿಲಿಮೀಟರಿನ ಒಂದನ್ನು ತೆಗೆದು ಉಳಿದದ್ದನ್ನು ಹಾಗೇ ಕೂರಿಸಿದೆ. ತೀರಾ ಆಸೆಗೆ ಬಿದ್ದು ಸಂದು ಪೂರ್ತಿ ಮುಚ್ಚಬಾರದು. ಎಸಿ ಆಫ್ ಇದ್ದಾಗಲೂ ಪ್ಲೇಟ್ ಉಜ್ಜುತ್ತಾ ಓಡಿದರೆ ಕಾದು, ಸುರುಳಿಯನ್ನೇ ಸುಡುತ್ತದೆ. ಕೆಲವು ಕಂಪ್ರೆಸರ್‌ಗಳಲ್ಲಿ ಶಿಮ್ ಇರುವುದಿಲ್ಲ, ಪ್ಲೇಟನ್ನು ಶಾಫ್ಟಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಅದಕ್ಕೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಹೊಡೆದರೆ ಕಂಪ್ರೆಸರ್ ಒಳಗಿನದು ಹಾಳಾಗುತ್ತದೆ.

ಶಿಮ್ ತೆಗೆಯುವ ಮೊದಲು ಮಾತ್ರ ವೋಲ್ಟೇಜ್ ಒಮ್ಮೆ ಅಳೆಯಿರಿ. ದೀಪ 11 ವೋಲ್ಟಿಗೂ ಉರಿಯುತ್ತದೆ, 13ಕ್ಕೂ ಉರಿಯುತ್ತದೆ; ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಂಜಿನ್ ಓಡುತ್ತಾ, ಎಸಿ ಆನ್ ಇದ್ದು, ಕ್ಲಚ್‌ನ ಕಪ್ಲರ್ ಸೇರಿಸಿರುವ ಸ್ಥಿತಿಯಲ್ಲೇ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿಯ ಪ್ಲಸ್‌ನಿಂದ ಕ್ಲಚ್ ವೈರಿನವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು, ಅಥವಾ ಕಂಪ್ರೆಸರ್ ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ 0.1 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಮೊದಲು ವೈರಿಂಗ್ ಸರಿಮಾಡಿ. ಕಪ್ಲರ್ ಬಿಚ್ಚಿಟ್ಟು ಅಳೆದರೆ ಎಳೆಯೊಂದೇ ಉಳಿದ ವೈರಿನಲ್ಲೂ 13 ವೋಲ್ಟ್ ಕಾಣುತ್ತದೆ. ಲೋಡ್ ಇಲ್ಲದ ವೋಲ್ಟೇಜ್ ಸುಳ್ಳು ಹೇಳುತ್ತದೆ.

ಸುರುಳಿಯೇ ಒಳಗೆ ತುಂಡಾಗಿದ್ದು, ಕಾದಾಗ ಬಿಟ್ಟುಕೊಳ್ಳುವುದೂ ಉಂಟು. ದೀಪ ಉರಿಯುತ್ತಿದ್ದು, ಕೋಲಿನಿಂದ ಒತ್ತಿದರೂ ಪ್ಲೇಟ್ ಹಿಡಿಯದಿದ್ದರೆ ಎಂಜಿನ್ ಆಫ್ ಮಾಡಿ, ಆ ಬಿಸಿಯಲ್ಲೇ ಕಪ್ಲರ್ ಬಿಚ್ಚಿ ಸುರುಳಿಯ ಓಮ್ ನೋಡಿ. ಮೀಟರ್ ಏನೂ ತೋರಿಸದಿದ್ದರೆ ಸುರುಳಿ ಹೋಗಿದೆ. ತಣ್ಣಗಾದ ಮೇಲೆ ಅಳೆದರೆ ಅದೇ ಸುರುಳಿ ಒಳ್ಳೆಯವನಂತೆ 3.6 ತೋರಿಸುತ್ತದೆ.

ದೀಪವೇ ಆರಿದೆ

ಈಗ ಕ್ಲಚ್ ನಿರಪರಾಧಿ. ಅದಕ್ಕೆ ಕರೆಂಟೇ ಬರುತ್ತಿಲ್ಲ. ಯಾರೋ ತಡೆದಿದ್ದಾರೆ. ತಡೆದವರು ಬೇಕೆಂದೇ ತಡೆದರೋ, ಅಥವಾ ವೈರ್ ತಾನಾಗಿ ಬಿಟ್ಟುಕೊಂಡಿತೋ ಎನ್ನುವುದು ಪ್ರಶ್ನೆ.

ಬೇಕೆಂದೇ ತಡೆಯುವವರಲ್ಲಿ ಹೈ ಪ್ರೆಷರ್ ಸ್ವಿಚ್ ಮೊದಲಿಗ. ಲೈನಿನ ಒತ್ತಡ ಸುಮಾರು 400-450 ಪಿಎಸ್‌ಐ ದಾಟಿದರೆ ಪೈಪು ಒಡೆಯದಿರಲೆಂದು ಕಂಪ್ರೆಸರ್ ನಿಲ್ಲಿಸುತ್ತದೆ. ಇದರ ಗುರುತು ಸುಲಭ: ಓಡುವಾಗ ತಂಪು, ನಿಂತಾಗ ಬಿಸಿ, ಮತ್ತೆ ಓಡಿದರೆ ತಂಪು. ನಿಂತಾಗ ಕಂಡೆನ್ಸರ್ ಮೇಲೆ ಸಾಕಷ್ಟು ಗಾಳಿ ಬೀಳುತ್ತಿಲ್ಲ ಎಂದರ್ಥ. ಕೈಕೊಟ್ಟ ಹೊತ್ತಿಗೆ ಕಂಡೆನ್ಸರ್ ಮೇಲೆ ಒಂದೆರಡು ಬಾಟಲಿ ನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ದೀಪ ಹತ್ತಿ ತಂಪು ಬಂದರೆ ಗಾಳಿಯ ತೊಂದರೆಯೇ, ಅನುಮಾನ ಬೇಡ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿ. ಮುಂದಿನಿಂದ ಸ್ವಚ್ಛ ಕಂಡರೂ ಹಿಂದೆ ಹತ್ತು ವರ್ಷದ ಧೂಳು, ಹುಲ್ಲು, ಹುಳುಗಳ ಕಂಬಳಿಯೇ ಇರುತ್ತದೆ. ಬೆಲ್ಟಿನಿಂದ ತಿರುಗುವ ಫ್ಯಾನಿಗೆ ಒಳಗೆ ಸಿಲಿಕೋನ್ ಎಣ್ಣೆ ಇರುವ ಹಬ್ ಇದ್ದರೆ, ಎಂಜಿನ್ ಆಫ್ ಆಗಿ ತಣ್ಣಗಿರುವಾಗ ಕೈಯಲ್ಲಿ ತಿರುಗಿಸಿ. ಸ್ವಲ್ಪ ಬಿಗಿ ಇರಬೇಕು. ಸುಮ್ಮನೆ ಒಂದು ತಳ್ಳು ತಳ್ಳಿದರೆ ಬುಗುರಿಯಂತೆ ಸುತ್ತು ಸುತ್ತು ತಿರುಗಿದರೆ, ಅಥವಾ ಹಬ್ಬಿನ ಸುತ್ತ ಎಣ್ಣೆ ಜಿನುಗಿದ ಜಿಡ್ಡಿದ್ದರೆ ಅದರ ಆಯಸ್ಸು ಮುಗಿದಿದೆ.

ಗ್ಯಾಸ್ ಹೆಚ್ಚಾಗಿದ್ದರೂ ಇದೇ ಗುರುತು. ನನ್ನ ಎರಡನೇ ರೋಗ ಇದೇ ಆಗಿತ್ತು. ಸಂದು ಸರಿಮಾಡಿದ ವಾರದಲ್ಲೇ ವಾಹನಗಳ ಸಾಲಿನಲ್ಲಿ ನಿಂತಾಗ ದೀಪ ಆರತೊಡಗಿತು. ಫ್ಯಾನ್ ಸರಿ, ಕಂಡೆನ್ಸರ್ ತೊಳೆದಾಗಿತ್ತು. ಗ್ಯಾಸನ್ನು ಮೆಷಿನ್ನಿಗೆ ತೆಗೆಸಿ ತೂಕ ಮಾಡಿಸಿದರೆ 960 ಗ್ರಾಂ. ಬಾನೆಟ್ ಒಳಗಿನ ಸ್ಟಿಕ್ಕರ್ ಹೇಳುತ್ತಿದ್ದದ್ದು 800. ಇಲ್ಲದ ಕೊರತೆಗೆ ಎರಡು ಸಲ ಹಾಕಿಸಿದ್ದರ ಫಲ.

ಲೋ ಪ್ರೆಷರ್ ಸ್ವಿಚ್ ತಡೆಯುವುದು ಗ್ಯಾಸ್ ನಿಜಕ್ಕೂ ಕಡಿಮೆ ಇದ್ದಾಗ. ಆಗ ಕ್ಲಚ್ ಹಿಡಿದು ನಾಲ್ಕೈದು ಸೆಕೆಂಡಿಗೇ ಬಿಡುತ್ತದೆ, ಮತ್ತೆ ಹಿಡಿಯುತ್ತದೆ; ದೀಪ ಇಂಡಿಕೇಟರಿನಂತೆ ಮಿಟುಕುತ್ತದೆ. ಬಿಸಿಲಿನ ದಿನ ಒಂದಿಷ್ಟು ಓಡಿ, ತಂಪಾದ ದಿನ ಹಿಡಿಯಲೇ ಒಲ್ಲದೆ ಹೋಗುವುದೂ ಇದೇ ಗುಂಪು, ಯಾಕೆಂದರೆ ಹವೆ ತಂಪಾದಷ್ಟೂ ಗ್ಯಾಸಿನ ಒತ್ತಡ ಕಡಿಮೆ.

ಇಲ್ಲಿ ಗೇಜಿನ ಬಗ್ಗೆ ಒಂದು ಮಾತು. ಎಂಜಿನ್ ಆಫ್ ಇದ್ದಾಗ ಗೇಜ್ ಹಚ್ಚಿ "ಪ್ರೆಷರ್ ಇದೆ, ಗ್ಯಾಸ್ ಸರಿಯಾಗಿದೆ" ಅನ್ನುವವರಿದ್ದಾರೆ. ಮುಚ್ಚಿದ ಲೈನಿನಲ್ಲಿ ಒಂದಷ್ಟು ದ್ರವ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಪ್ರಮಾಣವಲ್ಲ. ಆರ್-134ಎಗೆ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30ರಲ್ಲಿ 97, 35ರಲ್ಲಿ 114. ಪೂರ್ತಿ ತುಂಬಿದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. ಇದಕ್ಕಿಂತ ತೀರಾ ಕೆಳಗಿದ್ದರೆ ಬಹುಪಾಲು ಖಾಲಿ ಎಂದು ಹೇಳಬಹುದು. ಅದಕ್ಕಿಂತ ಹೆಚ್ಚೇನೂ ಹೇಳಲಾಗದು. ಎಷ್ಟಿದೆ ಎಂದು ತಿಳಿಯಲು ಇರುವುದು ಒಂದೇ ದಾರಿ: ಪೂರ್ತಿ ತೆಗೆದು, ತೂಕ ಹಾಕಿ, ಸ್ಟಿಕ್ಕರ್ ಹೇಳಿದಷ್ಟು ತೂಗಿ ತುಂಬುವುದು. ಕಡಿಮೆ ಎಂದು ಖಚಿತವಾದರೆ ಅದು ಹೋದದ್ದೆಲ್ಲಿಗೆ ಎಂದೂ ಹುಡುಕಬೇಕು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ, ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಹಿಡಿದ ಧೂಳಿನ ಮಚ್ಚೆ ಕಂಡರೆ ಅಲ್ಲೇ ಸೋಪಿನ ನೊರೆ ಹಚ್ಚಿ ನೋಡಿ. ಸರ್ವಿಸ್ ವಾಲ್ವ್‌ನ ಪಿನ್ ಮತ್ತು ಕಂಪ್ರೆಸರ್ ಶಾಫ್ಟಿನ ಸೀಲ್ ಇಬ್ಬರೂ ಹಳೇ ಕಳ್ಳರು. ಸೋರಿಕೆ ಮುಚ್ಚುವ ಡಬ್ಬಿ ಔಷಧಿಯನ್ನು ಮಾತ್ರ ಹಾಕಬೇಡಿ. ಅದು ಸೋರುವ ತೂತಿಗಿಂತ ಮೊದಲು ವಾಲ್ವಿನ ಸಣ್ಣ ತೂತಿಗೆ ಅಂಟಿಕೊಳ್ಳಬಹುದು. ಗ್ಯಾಸನ್ನು ಗಾಳಿಗೆ ಬಿಡುವುದೂ ಬೇಡ. ಅನೇಕ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ತೊಂಬತ್ತರ ದಶಕದ ಮೊದಲ ಭಾಗಕ್ಕಿಂತ ಹಿಂದಿನ ಗಾಡಿಯಾದರೆ ಮೂಲದಲ್ಲಿ ಆರ್-12 ಇದ್ದಿರುತ್ತದೆ. ಓಜೋನ್ ಪದರಕ್ಕೆ ಕುತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಕೈಬಿಡುತ್ತಾ ಬಂದರು. ಯಾವುದೋ ಕಾಲದಲ್ಲಿ ಯಾರೋ ಆರ್-134ಎಗೆ ಬದಲಿಸಿರಬಹುದು. ಹಾಗಿದ್ದರೆ ಹಳೇ ಸ್ಟಿಕ್ಕರಿನ ತೂಕ ನಡೆಯುವುದಿಲ್ಲ, ಅದಕ್ಕಿಂತ ಕಡಿಮೆಯೇ ಬೇಕಾಗುತ್ತದೆ.

ಇವರಾರೂ ತಡೆದಿಲ್ಲವಾದರೆ ವೈರಿಂಗ್. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇಯಿಂದ ಶುರುಮಾಡುವುದು ನನ್ನ ಪದ್ಧತಿ, ಅದು ದಾರಿಯ ನಡುವೆ ಇರುವುದರಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಕೈಕೊಟ್ಟಿರುವಾಗ ರಿಲೇಯ 30ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಇದೆಯೇ, 85 ಮತ್ತು 86ರ ನಡುವೆ 12 ವೋಲ್ಟ್ ಇದೆಯೇ ನೋಡಿ. ಎರಡೂ ಇದ್ದು 87ರಲ್ಲಿ ಇಲ್ಲವಾದರೆ ರಿಲೇಯೇ ಕಳ್ಳ. 85-86ರಲ್ಲೇ ಇಲ್ಲವಾದರೆ ಸ್ವಿಚ್‌ಗಳ ಕಡೆ ಹೋಗಿ. ಮೀಟರ್ ಇಲ್ಲದವರು ಅದೇ ನಂಬರಿನ ಹಾರ್ನ್ ರಿಲೇಯನ್ನು ಅದಲು ಬದಲು ಮಾಡಿ ವಾರ ಓಡಿಸಿ ನೋಡಬಹುದು. ಎಸಿ ಸರಿಹೋಗಿ ಹಾರ್ನ್ ಆಗಾಗ ಮೂಗನಾದರೆ ಉತ್ತರ ಸಿಕ್ಕಿದಂತೆ.

ಸ್ವಿಚ್ ಪರೀಕ್ಷೆಗೆ ಎರಡೇ ವೈರ್ ಇರುವ ಪ್ರೆಷರ್ ಸ್ವಿಚ್ಚಿನ ಕಪ್ಲರ್ ಬಿಚ್ಚಿ, ಅದರ ಎರಡು ತುದಿಗೆ ಒಂದು ತುಂಡು ವೈರ್ ಸೇರಿಸಿ ಕ್ಲಚ್ ಹಿಡಿಯುತ್ತದೆಯೇ ನೋಡುವುದುಂಟು. ಅದು ಎರಡು ಮೂರು ಸೆಕೆಂಡಿನ ಕೆಲಸ. ಹಾಗೇ ಬಿಟ್ಟು ಓಡಿಸಿದರೆ ಎಣ್ಣೆ ಸಿಗದೆ ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ. ಮೂರು ವೈರ್ ಇದ್ದರೆ ಅದು ಸ್ವಿಚ್ ಅಲ್ಲದೆ ಸೆನ್ಸರ್ ಆಗಿರಬಹುದು, ಅಲ್ಲಿ ಜಂಪರ್ ಹಾಕಲೇಬೇಡಿ. ಹಿಡಿಯಿತು ಎಂದಾಕ್ಷಣ ಸ್ವಿಚ್ ಕೆಟ್ಟಿದೆ ಎಂದೂ ಅಲ್ಲ. ಅದು ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿರಬಹುದು. ಗೇಜಿನಲ್ಲಿ ಒತ್ತಡ ಸರಿ ಇದ್ದೂ ಅದು ತಡೆಯುತ್ತಿದ್ದರೆ ಮಾತ್ರ ಸ್ವಿಚ್ ಬದಲಿಸಿ. ಬಿಸಿಗೆ ಬಿಟ್ಟುಕೊಳ್ಳುವ ರಿಲೇ, ಕಂಟ್ರೋಲ್ ಪ್ಯಾನಲಿನ ಬಿರುಕು ಬಿಟ್ಟ ಬೆಸುಗೆ ಇವನ್ನು ಹೊರಗೆಳೆಯಲು ಕೂದಲು ಒಣಗಿಸುವ ಡ್ರೈಯರ್ ಒಳ್ಳೆಯ ಸಾಧನ: ಅನುಮಾನ ಇರುವ ಒಂದೊಂದೇ ಭಾಗಕ್ಕೆ ಬಿಸಿ ಊದಿ, ದೀಪ ಯಾವಾಗ ಆರುತ್ತದೆ ನೋಡಿ. ಅಂದಹಾಗೆ ಕಂಪ್ಯೂಟರ್ ಇರುವ ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಎಂಜಿನ್ ಅತಿಯಾಗಿ ಕಾದಾಗ ಅದೇ ಕ್ಲಚ್ ಬಿಡಿಸುತ್ತದೆ. ಓವರ್‌ಟೇಕ್ ಮಾಡುವಾಗ ಕೆಲವು ಸೆಕೆಂಡು ದೀಪ ಆರಿದರೆ ಅದು ದೋಷವಲ್ಲ.

ಪ್ಲೇಟ್ ತಿರುಗುತ್ತಿದೆ, ಆದರೂ ಬಿಸಿ

ಎಕ್ಸ್‌ಪ್ಯಾನ್ಷನ್ ವಾಲ್ವ್ ಇರುವ ಗಾಡಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ತಂಪಾಗಿ, ನಿಧಾನವಾಗಿ ಬಿಸಿಯಾಗಿ, ಹತ್ತು ನಿಮಿಷ ಆಫ್ ಮಾಡಿಟ್ಟರೆ ಮತ್ತೆ ಸರಿಹೋದರೆ ಲೈನಿನೊಳಗೆ ನೀರಿನ ಅಂಶ ಸೇರಿರಬಹುದು. ವಾಲ್ವಿನ ಸಣ್ಣ ತೂತಿನಲ್ಲಿ ಅದು ಮಂಜಾಗಿ ಅಡ್ಡ ಕೂರುತ್ತದೆ, ಕರಗಿದಾಗ ದಾರಿ ಬಿಡುತ್ತದೆ. ಆ ಹೊತ್ತಿಗೆ ಲೋ ಸೈಡ್ (ಕಡಿಮೆ ಒತ್ತಡದ ಕಡೆಯ) ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮ್ ಕಡೆಗೆ ಜಾರುವುದು ಗಟ್ಟಿ ಸಾಕ್ಷಿ. ಡ್ರೈಯರ್ ಬದಲಿಸಿ, ಪಂಪಿನಿಂದ ಮುಕ್ಕಾಲು ಗಂಟೆಯಾದರೂ ಗಾಳಿ ಎಳೆಸಿ, ಮುಳ್ಳು ಮೇಲೆ ಬಾರದೆ ನಿಲ್ಲುತ್ತದೆ ಎಂದು ನೋಡಿಕೊಂಡು ತುಂಬಿಸಬೇಕು.

ಕೆಲವೊಮ್ಮೆ ಎಸಿ ಚೆನ್ನಾಗಿಯೇ ತಣ್ಣಗೆ ಮಾಡುತ್ತಿರುತ್ತದೆ, ಆ ಗಾಳಿಗೆ ಹೀಟರಿನ ಬಿಸಿ ಬೆರೆಯುತ್ತಿರುತ್ತದೆ. ಕೂಲಿಂಗ್ ಕಾಯಿಲಿನಿಂದ ಹೊರಬರುವ ದಪ್ಪ ಪೈಪು ಮುಟ್ಟಿದರೆ ತಣ್ಣಗೆ ಬೆವರುತ್ತಿದ್ದು ಕಿಂಡಿಯಲ್ಲಿ ಮಾತ್ರ ಬಿಸಿ ಬಂದರೆ, ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ಎಂಜಿನ್ ತಣ್ಣಗಿರುವಾಗ ಇಕ್ಕಳದಂಥ ಕ್ಲಾಂಪಿನಿಂದ ಒತ್ತಿಹಿಡಿದು ಓಡಿಸಿ ನೋಡಿ. ಆಗ ತಂಪು ಹೋಗದೆ ಉಳಿದರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿ-ತಂಪು ಗಾಳಿ ಬೆರೆಸುವ ಬಾಗಿಲು ಅಥವಾ ಅದರ ಮೋಟರ್ ನೋಡಿಕೊಳ್ಳಿ. ಬೆಲ್ಟ್ ಜಾರುವುದೂ ಇದೇ ಸಾಲಿಗೆ ಸೇರುತ್ತದೆ, ಅದು ಕಿರುಚಿ ತಾನೇ ಹೇಳಿಕೊಳ್ಳುತ್ತದೆ.

ಗಾಳಿಯೇ ಸೊರಗಿದೆ

ಬ್ಲೋವರ್ ಸದ್ದು ಮೊದಲಿನಂತೆಯೇ ಇದ್ದು ಕಿಂಡಿಯಲ್ಲಿ ಗಾಳಿ ಮಾತ್ರ ಕಡಿಮೆಯಾದರೆ ಕೂಲಿಂಗ್ ಕಾಯಿಲ್ ಮಂಜಿನ ಗೋಡೆಯಾಗಿದೆ. ಎಸಿ ಆಫ್ ಮಾಡಿ ಫ್ಯಾನ್ ಒಂದನ್ನೇ ಹತ್ತು ಹದಿನೈದು ನಿಮಿಷ ಓಡಿಸಿ. ಗಾಡಿಯ ಕೆಳಗೆ ಕೊಡ ಮಗುಚಿದಂತೆ ನೀರು ಇಳಿದು ಗಾಳಿ ತೆರೆದುಕೊಂಡರೆ ಅನುಮಾನವೇ ಬೇಡ. ಇಲ್ಲಿ ಕ್ಲಚ್ ಬಿಡಬೇಕಾದಾಗ ಬಿಡುತ್ತಿಲ್ಲ. ದೀಪ ಗಂಟೆಗಟ್ಟಲೆ ಒಮ್ಮೆಯೂ ಆರದೆ ಉರಿಯುವುದೇ ಇದರ ಸುಳಿವು. ಆರ್-134ಎ 28 ಪಿಎಸ್‌ಐ ಹತ್ತಿರ ಬಂದರೆ ಸೊನ್ನೆ ಡಿಗ್ರಿ ಮುಟ್ಟುತ್ತದೆ, ಅದಕ್ಕಿಂತ ಕೆಳಗೆ ಬಹಳ ಹೊತ್ತು ಓಡಿದರೆ ಮಂಜು ಕಟ್ಟಲೇಬೇಕು. ಥರ್ಮೋಸ್ಟಾಟ್ ಇರುವ ಗಾಡಿಯಲ್ಲಿ ಅದರ ತೆಳುವಾದ ನಳಿಕೆ ಕಾಯಿಲಿನ ರೆಕ್ಕೆಗಳ ನಡುವಿನಿಂದ ಜಾರಿ ಹೊರಬಂದಿದೆಯೇ ನೋಡಿ. ನಾನು ನೋಡಿದ ಒಂದು ಗಾಡಿಯಲ್ಲಿ ಹಿಂದೆ ಯಾರೋ ಕಾಯಿಲ್ ತೊಳೆದವರು ಅದನ್ನು ಮತ್ತೆ ಒಳಗೆ ತೂರಿಸುವುದನ್ನೇ ಮರೆತಿದ್ದರು.

ಏರು ಹತ್ತುವಾಗ ಮಾತ್ರ ಗಾಳಿ ಮುಖದಿಂದ ಮುಂದಿನ ಗಾಜಿನ ಕಡೆ ತಿರುಗಿ, ಇಳಿಜಾರಿನಲ್ಲಿ ವಾಪಸ್ ಬಂದರೆ ಅದು ಎಸಿಯದಲ್ಲ, ವ್ಯಾಕ್ಯೂಮಿನದು. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಆ ಬಾಗಿಲುಗಳನ್ನು ಎಳೆಯುವುದು ಎಂಜಿನ್ನಿನ ವ್ಯಾಕ್ಯೂಮ್. ಆಕ್ಸಿಲರೇಟರ್ ಒತ್ತಿದಾಗ ಅದು ಕುಸಿಯುತ್ತದೆ. ಆ ಹೊತ್ತಿಗೆಂದೇ ಒಂದು ಸಣ್ಣ ಡಬ್ಬಿಯಲ್ಲಿ ವ್ಯಾಕ್ಯೂಮ್ ಕೂಡಿಟ್ಟಿರುತ್ತಾರೆ. ಡಬ್ಬಿ ಸೀಳಿದ್ದರೆ, ಒಣಗಿದ ರಬ್ಬರ್ ನಳಿಕೆ ಕಳಚಿದ್ದರೆ, ಒಮ್ಮುಖ ವಾಲ್ವ್ ಸೋತಿದ್ದರೆ ಹೀಗಾಗುತ್ತದೆ.

ಸರಿಹೋಯಿತೆಂದು ನಂಬುವ ಮೊದಲು

ಬಿಸಿಯಲ್ಲಿ ಕೈಕೊಟ್ಟದ್ದನ್ನು ಬಿಸಿಯಲ್ಲೇ ಪರೀಕ್ಷಿಸಬೇಕು. ಶಿಮ್ ತೆಗೆದ ಮರುದಿನ ನಾನು ಬೇಕೆಂದೇ ಒಂದು ಗಂಟೆ ಓಡಿಸಿ, ಮಟಮಟ ಮಧ್ಯಾಹ್ನ ಬಾನೆಟ್ ಮುಚ್ಚಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದೆ. ಎಂಜಿನ್ ಹಾಕಿ, ಹೆಡ್‌ಲೈಟ್ ಹಾಕಿ, ಬ್ಲೋವರ್ ಪೂರ್ತಿ ಏರಿಸಿ, ವೋಲ್ಟೇಜ್ ಆದಷ್ಟು ಕೆಳಗಿಳಿಯುವಂತೆ ಮಾಡಿ, ಅರ್ಧ ಅರ್ಧ ನಿಮಿಷ ಬಿಟ್ಟು ಎಸಿ ಬಟನ್ ಹತ್ತು ಸಲ ಒತ್ತಿದೆ. ಪ್ರತಿ ಸಲವೂ ದೀಪ ಹತ್ತಿತು, ಪ್ರತಿ ಸಲವೂ ಬಾನೆಟ್ ಕೆಳಗಿನಿಂದ ಟಕ್ ಎಂದಿತು. ಪೊರಕೆಯ ಹಿಡಿಯನ್ನು ಆಮೇಲೂ ಒಂದು ತಿಂಗಳು ಹಿಂದಿನಿಂದ ಇಳಿಸಲಿಲ್ಲ.